ಚಹಾ ಹೋಟೇಲಿನ ಬೆಂಚು: ದೇವಸ್ಥಾನದ ಅಡುಗೆಶಾಲೆಯಿಂದ ಬೀದಿಯವರೆಗೆ

ಒಂದು ಊರಿನ ಚರಿತ್ರೆಯನ್ನು ಬರೆಯ ಹೊರಟವರು ಮೊದಲು ದೇವಸ್ಥಾನದ ಶಿಲಾಶಾಸನವನ್ನು ಹುಡುಕುತ್ತಾರೆ. ಅನಂತರ ಶಾಲೆ, ಸಂತೆ, ಕಚೇರಿ, ರಸ್ತೆಗಳ ವಿಚಾರ ಬರುತ್ತದೆ. ದೇವಸ್ಥಾನಕ್ಕೆ ತಿರುಗುವ ದಾರಿಯಲ್ಲಿ, ಬಸ್ಸು ನಿಲ್ಲುವ ಕಡೆ, ಹೊಗೆ ಹಿಡಿದ ಹಂಚಿನ ಮಾಡಿನ ಕೆಳಗೆ ನಡೆದು ಬಂದ ಚಹಾ ಹೋಟೇಲಿನ ಚರಿತ್ರೆಯನ್ನು ಬರೆದಿಟ್ಟವರು ಮಾತ್ರ ವಿರಳ. ಜಾತ್ರೆಯ ಚಪ್ಪರ ಎಷ್ಟು ಉದ್ದ ಆಗಬೇಕು, ಯಾವ ಮೇಳಕ್ಕೆ ವೀಳ್ಯ ಕೊಡಬೇಕು, ಹೊರೆಕಾಣಿಕೆ ಎಲ್ಲಿಂದ ಹೊರಡಬೇಕು ಎಂಬಂತಹ ವಿಷಯಗಳು ಸಮಿತಿಯ ಸಭೆಗೆ ಬರುವ ಮೊದಲೇ ಅಲ್ಲಿನ ಬೆಂಚಿನ ಮೇಲೆ ಅರ್ಧ ಇತ್ಯರ್ಥವಾಗಿರುತ್ತವೆ. ಊರಿನ ಸುದ್ದಿ, ಸಂಧಾನ, ಜಗಳ, ನಗೆ ಎಲ್ಲದಕ್ಕೂ ಆ ಬೆಂಚೇ ಸಾಕ್ಷಿ.

ಈ ಹೋಟೇಲಿಗೂ ದೇವಸ್ಥಾನಕ್ಕೂ ಇರುವ ನಂಟು ಬರೇ ದಾರಿಯ ನಂಟಲ್ಲ. ಹೋಟೇಲಿನ ಸೌಟು ಹೊರಟದ್ದು ದೇವಸ್ಥಾನದ ಅಡುಗೆಶಾಲೆಯಿಂದ. ಆ ಸೌಟು ಲೋಕ ಸುತ್ತಿ ಏನನ್ನು ಕಲಿತು ಬಂತು ಎಂಬುದು ಭಕ್ತರಾದವರು ತಿಳಿದಿರಬೇಕಾದ ಸಂಗತಿ.

ಬೆಲ್ಲ ನೀರಿನ ಕಾಲ

ಚಹಾ ಕಾಫಿಗಳು ಬರುವ ಮೊದಲು ಈ ಕರಾವಳಿಯಲ್ಲಿ ಮನೆಗೆ ಬಂದವರಿಗೆ ಕೈಕಾಲು ತೊಳೆಯಲು ನೀರು, ಆಸರಿಗೆ ಬೆಲ್ಲ ಮತ್ತು ನೀರು, ಮೆಲ್ಲಲು ವೀಳ್ಯ ಕೊಡುವುದು ಪದ್ಧತಿಯಾಗಿತ್ತು. ಬೇಸಗೆಯಲ್ಲಿ ದಾರಿಹೋಕರಿಗೆಂದು ಪುಣ್ಯವಂತರು ಅರವಟ್ಟಿಗೆ ಇಡುತ್ತಿದ್ದರು. ಶುಂಠಿ, ಉಪ್ಪು ಹಾಕಿದ ನೀರುಮಜ್ಜಿಗೆಯನ್ನು ದೊಡ್ಡ ಮಡಕೆಯಲ್ಲಿ ತುಂಬಿಸಿ ಹಂಚುತ್ತಿದ್ದರು. ದೂರದ ಯಾತ್ರಿಕರಿಗೆ ಛತ್ರಗಳಿದ್ದವು, ಮಠಗಳಿದ್ದವು. ತಲೆಹೊರೆಯವರು ಭಾರ ಇಳಿಸಿ ಕುಳಿತುಕೊಳ್ಳಲು ಅಶ್ವತ್ಥಕಟ್ಟೆಗಳಿದ್ದವು.

ಇದೆಲ್ಲವೂ ಧರ್ಮಾರ್ಥವಾಗಿ ನಡೆಯುತ್ತಿತ್ತು. ಬೇಯಿಸಿದ ಅನ್ನವನ್ನು ಹಣಕ್ಕೆ ಮಾರುವುದು ಪಾಪವೆಂಬ ನಂಬಿಕೆ ಗಟ್ಟಿಯಾಗಿತ್ತು. ಅಕ್ಕಿಯನ್ನು ಮಾರಬಹುದು, ಅನ್ನವನ್ನು ಮಾರಬಾರದು ಎಂಬ ಲೆಕ್ಕ. ಆದುದರಿಂದ ಮೊತ್ತಮೊದಲು ದುಡ್ಡು ತೆಗೆದುಕೊಂಡು ಊಟ ಬಡಿಸಿದವರು ಸ್ವಂತ ಬಂಧುಗಳಿಂದಲೇ 'ಅನ್ನ ಮಾರುವವರು' ಎಂಬ ಮೂದಲಿಕೆ ಕೇಳಬೇಕಾಯಿತು.

ಆದರೆ ಅಂದಿನ ಧರ್ಮಕ್ಕೂ ಒಂದು ಗೆರೆಯಿತ್ತು. ಛತ್ರದ ಊಟ ಧರ್ಮಕ್ಕೆ ಸಿಕ್ಕುತ್ತಿತ್ತು ನಿಜ, ಎಲ್ಲರಿಗೂ ಸಿಕ್ಕುತ್ತಿರಲಿಲ್ಲ. ಯಾರಿಗೆ ಒಳಗೆ, ಯಾರಿಗೆ ಹೊರಗೆ, ಯಾರಿಗೆ ಅಂಗಳದ ಆಚೆ ಎಂಬುದು ಎಲೆ ಹಾಕುವ ಮೊದಲೇ ನಿಶ್ಚಯವಾಗಿರುತ್ತಿತ್ತು. ಮುಂದೆ ದುಡ್ಡಿಗೆ ಸಿಕ್ಕಿದ ಒಂದು ಲೋಟ ಚಹಾ, ಧರ್ಮಕ್ಕೆ ಸಿಕ್ಕುತ್ತಿದ್ದ ಅನ್ನ ಮಾಡಲಾರದ ಒಂದು ಕೆಲಸವನ್ನು ಮಾಡಿತು. ಅದಕ್ಕೂ ಅನೇಕ ವರ್ಷಗಳು ಹಿಡಿದವು.

ಕಾಫಿ, ಚಹಾ ಬಂದ ಬಗೆ

ಕಾಫಿಯ ಬೀಜ ಈ ನಾಡಿಗೆ ಬಂದುದು 17ನೆಯ ಶತಮಾನದಲ್ಲಿ, ಬಾಬಾ ಬುಡನ್ ಎಂಬ ಸಂತರ ಮೂಲಕ ಎಂದು ಪ್ರತೀತಿ. ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮೆನ್ ದೇಶದ ಮೋಖಾ ಎಂಬಲ್ಲಿಂದ ಅವರು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರಂತೆ. ಚಹಾದ ಕಥೆ ಬೇರೆ. ಅದರ ಬಳಕೆ ಚೀನಾದಲ್ಲಿ ಬಹಳ ಪುರಾತನವಾದುದು. ಬ್ರಿಟಿಷರು ಆಸ್ಸಾಮಿನ ಕಾಡಿನಲ್ಲಿ ಚಹಾದ ಗಿಡವಿರುವುದನ್ನು ಅಲ್ಲಿನ ಜನರಿಂದ ತಿಳಿದು ತೋಟ ಮಾಡಿದರು. ಆಸ್ಸಾಮಿನ ಚಹಾ ಮೊದಲು ಲಂಡನ್ನಿನಲ್ಲಿ ಹರಾಜಾದುದು 1839ರಲ್ಲಿ. ಮುಂದೆ ನೀಲಗಿರಿಯ ಇಳಿಜಾರುಗಳಲ್ಲಿಯೂ ತೋಟಗಳು ಎದ್ದವು.

ಇಷ್ಟೆಲ್ಲ ಬೆಳೆದರೂ ಊರಿನವರು ಚಹಾ ಕುಡಿಯುತ್ತಿರಲಿಲ್ಲ. ಬೆಳೆದದ್ದೆಲ್ಲ ಹಡಗು ಹತ್ತುತ್ತಿತ್ತು. 1903ರಲ್ಲಿ ಚಹಾದ ಮೇಲೆ ಒಂದು ಸೆಸ್ ಹಾಕಿ, ಆ ಹಣದಿಂದ ಚಹಾ ಪ್ರಚಾರ ಮಾಡುವ ಏರ್ಪಾಡು ಆಯಿತು. ಪೇಟೆಗಳಲ್ಲಿ, ರೈಲ್ವೆ ನಿಲ್ದಾಣಗಳಲ್ಲಿ, ಕಾರ್ಖಾನೆಗಳ ಬಾಗಿಲಲ್ಲಿ ಚಹಾ ಮಾಡುವ ಕ್ರಮವನ್ನು ತೋರಿಸಿ ಜನರಿಗೆ ರುಚಿ ಹಿಡಿಸಿದರು. ಕಾಫಿಯವರು ಇದೇ ದಾರಿ ಹಿಡಿದು 1935ರ ಕಾಯಿದೆಯಂತೆ ಸೆಸ್ ಸಮಿತಿ ಮಾಡಿಕೊಂಡು, 1936ರಲ್ಲಿ ಮುಂಬಯಿಯಲ್ಲಿ ಮೊದಲ 'ಇಂಡಿಯಾ ಕಾಫಿ ಹೌಸ್' ತೆರೆದರು.

ಕರಾವಳಿಗೆ ಈ ರುಚಿ ಬೇಗ ಮುಟ್ಟಿದ್ದು ರೈಲಿನಿಂದ. ಮದರಾಸಿನ ಕಡೆಯಿಂದ ಬಂದ ರೈಲು ದಾರಿ ಕಾಸರಗೋಡನ್ನು ದಾಟಿ 1907ರಲ್ಲಿ ಮಂಗಳೂರನ್ನು ಮುಟ್ಟಿತು. ರೈಲು ಬಂದಲ್ಲಿ ನಿಲ್ದಾಣ, ನಿಲ್ದಾಣ ಇದ್ದಲ್ಲಿ ಜನ, ಜನ ನಿಂತಲ್ಲಿ ಒಂದು ಒಲೆ. ಚಹಾದಂಗಡಿಯ ಹುಟ್ಟು ಇಷ್ಟೇ ಸರಳ. ಆದರೆ ಅಂದಿನ ರೈಲು ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ ಚಹಾ, ಮುಸಲ್ಮಾನರಿಗೆ ಬೇರೆ ಚಹಾ. ಕುಡಿಯುವ ನೀರಿನ ಪಾತ್ರೆಯೂ ಬೇರೆ ಬೇರೆ. ಒಂದೇ ಗಾಡಿಯಲ್ಲಿ ಮೈಗೆ ಮೈ ತಾಗಿ ಕುಳಿತು ಬಂದವರು ಇಳಿದು ಬೇರೆ ಬೇರೆ ನೀರು ಕುಡಿಯುತ್ತಿದ್ದರು.

ಸೌಟು ಹಿಡಿದು ಹೊರಟವರು

ಉಡುಪಿಯ ಶ್ರೀಕೃಷ್ಣ ಮಠವೆಂದರೆ ಅನ್ನದಾನಕ್ಕೆ ಪ್ರಸಿದ್ಧಿ. ಅಷ್ಟಮಠಗಳ ಪರ್ಯಾಯದಲ್ಲಿ ಸಾವಿರಾರು ಮಂದಿಗೆ ಅಡುಗೆ ಮಾಡಿ ಬಡಿಸುವ ಕೆಲಸ ತಲೆಮಾರುಗಳಿಂದ ನಡೆದು ಬಂದಿದೆ. ಮಡಿ, ಶುಚಿ, ಹೊತ್ತಿಗೆ ಸರಿಯಾದ ಬಡಿಸಾಟ, ಇಷ್ಟು ಜನಕ್ಕೆ ಇಷ್ಟು ಅಕ್ಕಿ ಎಂಬ ಬಾಯಿಲೆಕ್ಕ ಎಲ್ಲವೂ ಅಲ್ಲಿನ ಅಡುಗೆಯವರಿಗೆ ಕರಗತ. ಆದರೆ ಕಲೆ ಕೈಯಲ್ಲಿದ್ದರೂ ಮನೆಯಲ್ಲಿ ಬಡತನ. ಗೇಣಿಯ ಸಣ್ಣ ಗದ್ದೆ, ದೊಡ್ಡ ಸಂಸಾರ. 1923ರ ದೊಡ್ಡ ನೆರೆ ಜಿಲ್ಲೆಯ ಜನರನ್ನು ಇನ್ನಷ್ಟು ಕಂಗೆಡಿಸಿತು. ಹೀಗೆ ಹೊಟ್ಟೆಪಾಡಿಗಾಗಿ ಹುಡುಗರು ಮದರಾಸು, ಬೆಂಗಳೂರು, ಮುಂಬಯಿಗಳ ಕಡೆ ಮುಖ ಮಾಡಿದರು.

ಅವರಲ್ಲಿ ಕೆಲವರ ಹೆಸರು ಇಂದಿಗೂ ನಿಂತಿದೆ. ಉಡುಪಿಯ ಮಠದಲ್ಲಿ ಚಾಕರಿ ಮಾಡಿ ಬೆಳೆದ ಕೆ. ಕೃಷ್ಣರಾಯರು ಮದರಾಸಿಗೆ ಹೋಗಿ, ಹೋಟೇಲಿನಲ್ಲಿ ದುಡಿದು, 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ 'ಉಡುಪಿ ಶ್ರೀಕೃಷ್ಣ ವಿಲಾಸ' ತೆರೆದರು. 1938ರಲ್ಲಿ ರಾಯಪೇಟೆಯಲ್ಲಿ 'ವುಡ್‌ಲ್ಯಾಂಡ್ಸ್' ಆರಂಭಿಸಿದರು. ಬೆಂಗಳೂರಿನಲ್ಲಿ ಕೋಟ ಸಮೀಪದ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಮತ್ತು ಸಹೋದರರು 1924ರಲ್ಲಿ ಲಾಲ್‌ಬಾಗ್ ಬಳಿ ಒಂದು ಸಣ್ಣ ಉಪಾಹಾರ ಗೃಹ ಮಾಡಿದರು. ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರು 1942ರಲ್ಲಿ 'ಉಡುಪಿ ಶ್ರೀಕೃಷ್ಣ ಬೋರ್ಡಿಂಗ್' ಸ್ಥಾಪಿಸಿದರು. ಇವರೆಲ್ಲ ದಕ್ಷಿಣ ಕನ್ನಡ ಜಿಲ್ಲೆಯವರು. ಅಂದು ಕಾಸರಗೋಡೂ ಅದೇ ಜಿಲ್ಲೆಯ ಒಂದು ತಾಲೂಕು.

ಇವರು ಪರವೂರಿನಲ್ಲಿ ಗೆದ್ದುದಕ್ಕೆ ಕಾರಣ ದೊಡ್ಡ ಬಂಡವಾಳವಲ್ಲ. ದೇವರ ನೈವೇದ್ಯಕ್ಕೆ ಮಾಡುವ ಶುಚಿಯನ್ನೇ ಗಿರಾಕಿಯ ಎಲೆಗೂ ಮಾಡಿದರು. ಬೆಳಗಿನ ಜಾವ ಎದ್ದು ಸ್ನಾನ ಮಾಡಿ, ದೇವರ ಪಟಕ್ಕೆ ದೀಪ ಹಚ್ಚಿ, ಅನಂತರ ಒಲೆ ಹಚ್ಚುವ ಕ್ರಮ ಇಂದಿಗೂ ಎಷ್ಟೋ ಹೋಟೇಲುಗಳಲ್ಲಿದೆ. ಇಡ್ಲಿ, ದೋಸೆ, ಉಪ್ಪಿಟ್ಟು, ಗೋಳಿಬಜೆ ಮುಂತಾದ ಮನೆಯ ತಿಂಡಿಗಳನ್ನು ಗಿರಾಕಿ ಕೂತಲ್ಲಿಗೆ ತಂದುಕೊಟ್ಟರು. ಕಾಸಿಗೆ ತಕ್ಕ ಕಜ್ಜಾಯ, ಕೂತ ಐದು ನಿಮಿಷಕ್ಕೆ ಸರಬರಾಯಿ. ಊರು ಬಿಟ್ಟು ಬಂದ ಗುಮಾಸ್ತ, ವಿದ್ಯಾರ್ಥಿ, ಕೋರ್ಟು ಕೆಲಸಕ್ಕೆ ಬಂದ ರೈತ ಎಲ್ಲರಿಗೂ ಇದು ಎರಡನೆಯ ಮನೆಯಾಯಿತು.

ಬೋರ್ಡಿನ ಮೇಲಿನ ಒಂದು ಶಬ್ದ

ಆದರೆ ಸೌಟಿನ ಸಂಗಡ ಛತ್ರದ ಗೆರೆಯೂ ಹೋಟೇಲಿನೊಳಗೆ ಬಂದಿತ್ತು. ಮಯ್ಯ ಸಹೋದರರ ಹೋಟೇಲಿನ ಮೊದಲ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್'. ಅಂದು ದಕ್ಷಿಣದ ಪೇಟೆಗಳಲ್ಲೆಲ್ಲ ಇಂತಹ ಬೋರ್ಡು ಸಾಮಾನ್ಯ. ಅಡುಗೆ ಮಾಡುವವರು ಯಾರೆಂದು ತಿಳಿಸುವುದಕ್ಕಷ್ಟೇ ಆ ಶಬ್ದ ಎಂದು ಕೆಲವರು ಹೇಳುತ್ತಿದ್ದರು. ಆದರೆ ಅನೇಕ ಕಡೆ ಒಳಗಿನ ಕೋಣೆ ಕೆಲವರಿಗೆ ಮಾತ್ರ, ಹೊರಗಿನ ಜಗಲಿ ಉಳಿದವರಿಗೆ ಎಂಬ ಕ್ರಮವಿತ್ತು. ಪರಿಶಿಷ್ಟ ಜಾತಿಯ ಜನರಿಗೆ ಜಗಲಿಯೂ ಇರಲಿಲ್ಲ. ಹಳ್ಳಿಯ ಚಹಾದಂಗಡಿಗಳಲ್ಲಿ ಅವರಿಗೆ ಬೇರೆಯೇ ಲೋಟ, ಅದೂ ಇಲ್ಲದಿದ್ದರೆ ತೆಂಗಿನ ಚಿಪ್ಪು. ಮೇಲಿನಿಂದ ಹೊಯ್ದ ಚಹಾವನ್ನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕುಡಿದು, ಪಾತ್ರೆಯನ್ನು ತಾವೇ ತೊಳೆದಿಟ್ಟು, ದುಡ್ಡನ್ನು ಮಾತ್ರ ಉಳಿದವರಷ್ಟೇ ಕೊಟ್ಟು ಹೋಗಬೇಕಾಗಿತ್ತು. ಆ ದುಡ್ಡಿಗೆ ಮೈಲಿಗೆಯಿರಲಿಲ್ಲ.

ಇದನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಿಕ್ಕಿಲ್ಲ. ನಡೆದದ್ದನ್ನು ಬರೆದಿಡದಿದ್ದರೆ ಚರಿತ್ರೆಯಾಗುವುದೂ ಇಲ್ಲ.

ಗೆರೆ ತಾನಾಗಿ ಅಳಿಸಲಿಲ್ಲ. ದೇಶದ ಸಂವಿಧಾನ 1950ರ ಜನವರಿ 26ರಿಂದ ಜಾರಿಗೆ ಬಂದಿತು. ಅದರ 15ನೆಯ ವಿಧಿಯಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೇಲುಗಳಿಗೆ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಮಾನವನ ಸಮಾನತೆಯ ಮಾತು ಬಂದಾಗ ಸಂವಿಧಾನ ಮಾಡಿದ ಹಿರಿಯರು ಹೋಟೇಲನ್ನೂ ಮರೆಯಲಿಲ್ಲ ಎಂಬುದು ಯೋಚಿಸತಕ್ಕ ವಿಷಯ. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದು ಶಿಕ್ಷೆಯೂ ನಿಗದಿಯಾಯಿತು. 1957ರಲ್ಲಿ ಮದರಾಸಿನ ತಿರುವಲ್ಲಿಕ್ಕೇಣಿಯ ಒಂದು ಹೋಟೇಲಿನ ಬೋರ್ಡಿನಲ್ಲಿ 'ಬ್ರಾಹ್ಮಣ' ಎಂಬ ಶಬ್ದವನ್ನು ತೆಗೆಯಬೇಕೆಂದು ಪೆರಿಯಾರರ ಅನುಯಾಯಿಗಳು ತಿಂಗಳುಗಟ್ಟಲೆ ಪಿಕೆಟಿಂಗ್ ನಡೆಸಿದರು. ಕೊನೆಗೆ ಶಬ್ದ ಹೋಯಿತು. ಬೆಂಗಳೂರಿನ 'ಬ್ರಾಹ್ಮಣ ಕಾಫಿ ಕ್ಲಬ್' 1960ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ 'ಮಾವಳ್ಳಿ ಟಿಫಿನ್ ರೂಮ್ಸ್' ಎಂಬ ಹೆಸರು ಪಡೆಯಿತು. ಜಾತಿಯ ಹೆಸರು ಇದ್ದಲ್ಲಿ ಊರಿನ ಹೆಸರು ಬಂತು. ಇಂದು ಲೋಕಕ್ಕೆಲ್ಲ ಗೊತ್ತಿರುವ ಎಂ.ಟಿ.ಆರ್. ಇದೇ. ಬೋರ್ಡಿನ ಶಬ್ದ ಹೋದುದರಿಂದ ಅಲ್ಲಿನ ಇಡ್ಲಿಯ ರುಚಿ ಕೆಡಲಿಲ್ಲ, ಗಿರಾಕಿಗಳೂ ಕಡಿಮೆಯಾಗಲಿಲ್ಲ.

ಕಾಯಿದೆಗಿಂತ ಹೆಚ್ಚಿನ ಕೆಲಸವನ್ನು ವ್ಯಾಪಾರವೂ ಮಾಡಿತು. ಬಸ್ಸು ನಿಲ್ದಾಣದ ಹೋಟೇಲಿನಲ್ಲಿ ಒಂದು ಬೆಂಚು, ಹತ್ತು ಲೋಟ, ನೂರು ಗಿರಾಕಿ. ಯಾರ ಜಾತಿ ಯಾವುದೆಂದು ಕೇಳಿ ಲೋಟ ಬೇರೆ ಮಾಡುತ್ತಾ ಕೂತರೆ ಬಸ್ಸು ಹೋಗಿಬಿಡುತ್ತದೆ. ಹೀಗೆ ಗೊತ್ತಿಲ್ಲದಂತೆಯೇ ಒಬ್ಬ ಕುಡಿದ ಲೋಟದಲ್ಲಿ, ತೊಳೆದ ಮೇಲೆ, ಇನ್ನೊಬ್ಬ ಕುಡಿದ. ಮನೆಯ ಹಿರಿಯರು ಒಪ್ಪದ ಸಂಗತಿ ಪೇಟೆಯಲ್ಲಿ ನಡೆದುಹೋಯಿತು.

ಬೆಂಚಿನ ಮೇಲಿನ ವಿದ್ಯೆ

ಹೋಟೇಲಿನಲ್ಲಿ ಚಹಾದ ಸಂಗಡ ಸಿಕ್ಕುವ ದೊಡ್ಡ ವಸ್ತುವೆಂದರೆ ಪತ್ರಿಕೆ. ಮನೆಗೆ ಪತ್ರಿಕೆ ತರಿಸುವ ಶಕ್ತಿ ಇಲ್ಲದ ಕಾಲದಲ್ಲಿ ಹೋಟೇಲಿನ ಒಂದು ಪ್ರತಿ ಊರಿಗೆಲ್ಲ ಸಾಕಾಗುತ್ತಿತ್ತು. ಅದರ ಹಾಳೆಗಳು ಬೇರೆ ಬೇರೆಯಾಗಿ ನಾಲ್ಕು ಮೇಜುಗಳಿಗೆ ಹೋಗಿ, ಸಂಜೆಗೆ ಚಹಾದ ಕಲೆಯ ಸಮೇತ ಒಟ್ಟಾಗುತ್ತಿದ್ದವು. ಓದಲು ಬಾರದವರಿಗಾಗಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣೂರಿನ ಕಡೆ ಬೀಡಿ ಕಟ್ಟುವವರು ತಮ್ಮೊಳಗೆ ಒಬ್ಬನನ್ನು ಪತ್ರಿಕೆ ಓದಲು ಕೂರಿಸಿ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಕೇರಳದ ಚಹಾದಂಗಡಿಗಳಲ್ಲಿಯೂ ಕೇಳಿ ಕಲಿಯುವ ಇದೇ ಅಭ್ಯಾಸ ಬೆಳೆಯಿತು. ಶಾಲೆಯ ಮೆಟ್ಟಿಲು ಹತ್ತದವರು ಪ್ರಪಂಚದ ಯುದ್ಧ, ಚುನಾವಣೆ, ಅಡಿಕೆ ಧಾರಣೆ, ಕೋರ್ಟಿನ ತೀರ್ಪುಗಳನ್ನೆಲ್ಲ ಚರ್ಚಿಸುವಷ್ಟು ತಿಳಿದದ್ದು ಹೀಗೆ.

ಮಾತು ಹೆಚ್ಚಾದರೆ ಜಗಳವೂ ಆಗುತ್ತದೆ. ಅದಕ್ಕಾಗಿ ಅನೇಕ ಅಂಗಡಿಗಳ ಗೋಡೆಯಲ್ಲಿ 'ಇಂದು ನಗದು, ನಾಳೆ ಸಾಲ' ಎಂಬುದರ ಪಕ್ಕದಲ್ಲಿ 'ಇಲ್ಲಿ ರಾಜಕೀಯ ಮಾತನಾಡಬಾರದು' ಎಂಬ ಬೋರ್ಡು ತೂಗುತ್ತಿತ್ತು. ಬೋರ್ಡಿನ ಕೆಳಗೆ ಕುಳಿತೇ ಜನ ರಾಜಕೀಯ ಮಾತನಾಡುತ್ತಿದ್ದರು. ಇದು ಈ ಕಡೆಯ ಅಂಗಡಿಗಳಿಗೆ ಮಾತ್ರ ಸೀಮಿತವಲ್ಲ. ಚಹಾದ ತವರಾದ ಚೀನಾದಲ್ಲಿ ಲಾವೋ ಶೆ ಎಂಬ ಲೇಖಕರ 'ಚಹಾಮನೆ' ಎಂಬ ಪ್ರಸಿದ್ಧ ನಾಟಕವಿದೆ, 1957ರದ್ದು. ಬೀಜಿಂಗಿನ ಒಂದೇ ಚಹಾಮನೆಯಲ್ಲಿ 1898ರಿಂದ ಸುಮಾರು ಐವತ್ತು ವರ್ಷಗಳ ದೇಶದ ಕಥೆ ಅದರಲ್ಲಿ ನಡೆಯುತ್ತದೆ. ಆ ಚಹಾಮನೆಯ ಗೋಡೆಯಲ್ಲೂ 'ದೇಶದ ವ್ಯವಹಾರ ಮಾತನಾಡಬೇಡಿ' ಎಂಬ ಚೀಟಿ ಅಂಟಿಸಿರುತ್ತದೆ! ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ 1675ರ ಕೊನೆಯಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಹೊರಡಿಸಿ, ಜನರ ಗಲಾಟೆ ತಾಳಲಾರದೆ ಕೆಲವೇ ದಿವಸಗಳಲ್ಲಿ ಹಿಂದೆಗೆದುಕೊಂಡನು. ಜನ ಒಟ್ಟು ಕುಳಿತು ಮಾತನಾಡಿದರೆ ಆಳುವವರಿಗೆ ಎಲ್ಲ ಕಾಲದಲ್ಲಿಯೂ ಒಂದಿಷ್ಟು ಅಳುಕು.

ಕಾಸರಗೋಡಿನ ಬೆಂಚಿಗೆ ಇನ್ನೊಂದು ವಿಶೇಷವಿದೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಭಾಷೆಗಳೆಲ್ಲ ಒಂದೇ ಮೇಜಿನಲ್ಲಿ ಓಡಾಡುತ್ತವೆ. ಚಹಾ ಹೇಳುವುದು ಒಂದು ಭಾಷೆಯಲ್ಲಿ, ಲೆಕ್ಕ ಕೇಳುವುದು ಇನ್ನೊಂದರಲ್ಲಿ, ತಮಾಷೆ ಮಾಡುವುದು ಮತ್ತೊಂದರಲ್ಲಿ. ಒಂದು ಕಡೆ ಕಾಫಿ, ಗೋಳಿಬಜೆಯ ಉಡುಪಿ ಹೋಟೇಲು. ಇನ್ನೊಂದು ಕಡೆ ಹಿತ್ತಾಳೆಯ ಸಮಾವರ್ ಇಟ್ಟ ಚಾಯಕ್ಕಡ. ಸಮಾವರಿನ ಒಳಗೆ ಹಾಕಿದ ನಾಣ್ಯ ಕಿಣಿಕಿಣಿ ಎಂದರೆ ನೀರು ಕುದಿಯಿತೆಂದು ಅರ್ಥ. ಬಟ್ಟೆಯ ಚೀಲದಲ್ಲಿ ಸೋಸಿದ ಚಹಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಮಾರುದ್ದ ಎತ್ತಿ ಹೊಯ್ದು ನೊರೆ ಬರಿಸುವುದನ್ನು ನೋಡುವುದೇ ಒಂದು ಚಂದ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿದಾಗ, 1967ರಲ್ಲಿ ಮಹಾಜನ ಆಯೋಗದ ವರದಿ ಬಂದಾಗ, ಊರಿನ ಮನಸ್ಸಿನ ಬಿಸಿ ಗೊತ್ತಾಗುತ್ತಿದ್ದುದು ಇಂತಹ ಬೆಂಚುಗಳಲ್ಲಿಯೇ. ಮಾತಿಗೆ ಮಾತು ಬೆಳೆದರೂ, ಭಿನ್ನ ಅಭಿಪ್ರಾಯದ ಇಬ್ಬರು ಮರುದಿನ ಬೆಳಗ್ಗೆ ಪುನಃ ಅದೇ ಬೆಂಚಿಗೆ ಬರುತ್ತಿದ್ದರು. ಚಹಾ ಬೇರೆ ಕಡೆ ಸಿಕ್ಕೀತು, ವಾದಿಸಲು ಜನ ಸಿಕ್ಕಬೇಕಲ್ಲ!

ಯಕ್ಷಗಾನದ ಬಾಬ್ತಿನಲ್ಲಿಯೂ ಹೋಟೇಲಿನ ಋಣ ದೊಡ್ಡದು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಆಟವೆಂದರೆ ಇಡೀ ರಾತ್ರಿಯದ್ದು. ಗದ್ದೆಯ ಬದಿಯಲ್ಲಿ ಗ್ಯಾಸ್ ಲೈಟಿನ ಬೆಳಕಿನಲ್ಲಿ ಚಹಾದ ತಟ್ಟಿಯಂಗಡಿ ಇಲ್ಲದಿದ್ದರೆ ಬೆಳಗಿನ ತನಕ ಕೂರುವವರು ಯಾರು? ಮರುದಿನ ಹೋಟೇಲಿನಲ್ಲಿ ಪುನಃ ಆಟ. ಭಾಗವತರ ಪದ ಹೇಗಾಯಿತು, ತಾಳಮದ್ದಳೆಯಲ್ಲಿ ಕೃಷ್ಣನ ಅರ್ಥದವರು ಗೆದ್ದರೋ ಕೌರವನ ಅರ್ಥದವರು ಗೆದ್ದರೋ ಎಂದು ಗಂಟೆಗಟ್ಟಲೆ ವಿಮರ್ಶೆ. ಪುಸ್ತಕ ಓದದವರೂ ಪುರಾಣದ ಸೂಕ್ಷ್ಮಗಳನ್ನು ಬಲ್ಲವರಾದುದು ಈ ವಿಮರ್ಶೆಯಿಂದಲೂ ಹೌದು.

ದೊಡ್ಡ ಪಟ್ಟಣಗಳಲ್ಲಿಯೂ ಹೀಗೆಯೇ. ಕೃಷ್ಣರಾಯರು 1962ರಲ್ಲಿ ಮದರಾಸಿನ ಕೆಥೀಡ್ರಲ್ ರಸ್ತೆಯಲ್ಲಿ ಮರಗಳ ನೆರಳಿನಲ್ಲಿ ತೆರೆದ 'ವುಡ್‌ಲ್ಯಾಂಡ್ಸ್ ಡ್ರೈವ್-ಇನ್' ಲೇಖಕರು, ಸಂಗೀತಗಾರರು, ಸಿನೆಮಾದವರು, ಪತ್ರಕರ್ತರು ನಿತ್ಯ ಸೇರುವ ಸ್ಥಳವಾಯಿತು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ 'ವಿದ್ಯಾರ್ಥಿ ಭವನ' ಹೆಸರಿಗೆ ವಿದ್ಯಾರ್ಥಿಗಳದ್ದಾದರೂ ಅಲ್ಲಿ ದೋಸೆಗಾಗಿ ಕಾದವರಲ್ಲಿ ಕನ್ನಡದ ಹೆಸರಾಂತ ಸಾಹಿತಿಗಳೂ ಇದ್ದರು.

ಕೆಲಸಗಾರರೇ ಧಣಿಗಳಾದದ್ದು

ಇಂಡಿಯಾ ಕಾಫಿ ಹೌಸಿನ ಕಥೆಯಲ್ಲಿ ಕಾಸರಗೋಡಿಗೆ ಹತ್ತಿರದ ಒಂದು ಸಂಬಂಧವಿದೆ. 1950ರ ದಶಕದಲ್ಲಿ ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರು ಬೀದಿಗೆ ಬೀಳುವ ಹಾಗಾಯಿತು. ಆಗ ಎ. ಕೆ. ಗೋಪಾಲನ್ ಅವರು, ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಕಾಫಿ ಹೌಸು ನಡೆಸಲಿ ಎಂದು ಧೈರ್ಯ ತುಂಬಿದರು. ಅದರಂತೆ ಮೊದಲ ಸಂಘ 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅದೇ ವರ್ಷ ದೆಹಲಿಯಲ್ಲಿ, 1958ರ ಮಾರ್ಚಿಯಲ್ಲಿ ತ್ರಿಶ್ಶೂರಿನಲ್ಲಿ ಕೆಲಸಗಾರರ ಕಾಫಿ ಹೌಸುಗಳು ತೆರೆದವು. ಉತ್ತರ ಕೇರಳಕ್ಕೆ ಕಣ್ಣೂರಿನ ಸಂಘ ಬಂತು. ನಿನ್ನೆ ಲೋಟ ಎತ್ತುತ್ತಿದ್ದವರು ಇಂದು ಪಾಲುದಾರರಾದರು. ಬೀಸಣಿಗೆಯಂತೆ ಎದ್ದು ನಿಂತ ಬಿಳಿ ಮುಂಡಾಸು ಧರಿಸಿ ಅವರು ಕಾಫಿ ತಂದಿಡುವ ಗಾಂಭೀರ್ಯವನ್ನು ಇಂದಿಗೂ ನೋಡಬಹುದು.

ಗೋಪಾಲನ್ ಅವರು ಅದೇ 1957ರಲ್ಲಿ ಕಾಸರಗೋಡು ಕ್ಷೇತ್ರದಿಂದ ಲೋಕಸಭೆಗೆ ಆರಿಸಿಹೋದವರು. 1962 ಮತ್ತು 1967ರಲ್ಲಿಯೂ ಇಲ್ಲಿಂದಲೇ ಗೆದ್ದರು. ಅವರ ರಾಜಕೀಯವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ದೇವಸ್ಥಾನದ ಭಕ್ತರು ನೆನಪಿಡಬೇಕಾದ ಇನ್ನೊಂದು ಸಂಗತಿಯಿದೆ. ಕೆ. ಕೇಳಪ್ಪನ್ ಅವರ ನೇತೃತ್ವದಲ್ಲಿ 1931ರ ನವೆಂಬರ್ 1ರಂದು ಗುರುವಾಯೂರು ದೇವಸ್ಥಾನದ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆಯಬೇಕೆಂದು ಸತ್ಯಾಗ್ರಹ ಆರಂಭವಾದಾಗ, ಸ್ವಯಂಸೇವಕರ ನಾಯಕನಾಗಿದ್ದವರು ಇದೇ ಗೋಪಾಲನ್. ಅಲ್ಲಿ ಅವರು ಪೆಟ್ಟನ್ನೂ ತಿಂದರು. ಮದರಾಸು ಸರಕಾರದ 1947ರ ದೇವಾಲಯ ಪ್ರವೇಶ ಕಾಯಿದೆಯಿಂದ ಆ ಬಾಗಿಲೂ, ದಕ್ಷಿಣ ಕನ್ನಡದ ದೇವಸ್ಥಾನಗಳ ಬಾಗಿಲುಗಳೂ ತೆರೆದವು. ದೇವಸ್ಥಾನದ ಬಾಗಿಲಿಗಾಗಿ ಪೆಟ್ಟು ತಿಂದವರೇ ಮುಂದೆ ಕಾಫಿ ಹೌಸಿನ ಕೆಲಸಗಾರರ ಬೆನ್ನಿಗೆ ನಿಂತರು. ಬಾಗಿಲು ಎರಡಾದರೂ ಒಳಗೆ ಬರುವ ಮನುಷ್ಯ ಒಬ್ಬನೇ ಎಂದು ಅವರು ತಿಳಿದಿರಬೇಕು.

ಇಂತಹ ಕಾಫಿ ಹೌಸುಗಳಲ್ಲಿ ದೆಹಲಿಯ ಕನಾಟ್ ಪ್ಲೇಸಿನದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ನೆಲಸಮವಾಯಿತು. ಅಲ್ಲಿ ಸೇರುತ್ತಿದ್ದವರು ಸರಕಾರವನ್ನು ಟೀಕಿಸುವವರೆಂಬುದು ಎಲ್ಲರಿಗೂ ತಿಳಿದಿದ್ದ ವಿಚಾರ. ಕಟ್ಟಡ ಹೋಯಿತು. ಮಾತು ಬೇರೆ ಬೆಂಚಿಗೆ ಹೋಗಿ ಕುಳಿತಿತು.

ಮಾಣಿಗಳನ್ನು ಮರೆಯಬಾರದು

ಹೋಟೇಲಿನ ಚರಿತ್ರೆ ಹೇಳುವಾಗ ಧಣಿಗಳ ಹೆಸರು ಬರುತ್ತದೆ, ಗಿರಾಕಿಗಳ ಹೆಸರು ಬರುತ್ತದೆ. 'ಮಾಣಿ'ಯ ಹೆಸರು ಬರುವುದಿಲ್ಲ. ಮಾಣಿ ಎಂದರೆ ಹುಡುಗ, ಮನೆಯಲ್ಲಿ ಮಗನನ್ನು ಅಕ್ಕರೆಯಿಂದ ಕರೆಯುವ ಶಬ್ದ. ಪರವೂರಿನ ಹೋಟೇಲಿನಲ್ಲಿ ಅದು ಲೋಟ ಎತ್ತುವವನ ಹೆಸರಾಯಿತು. ಹತ್ತು ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು, ನಸುಕಿನಿಂದ ನಡುರಾತ್ರಿಯ ತನಕ ಮೇಜು ಒರೆಸಿ, ಅದೇ ಮೇಜಿನ ಮೇಲೆ ಮಲಗಿದ ಸಾವಿರಾರು ಮಕ್ಕಳ ಬೆವರು ಈ ಕಥೆಯಲ್ಲಿದೆ. ಮುಂಬಯಿಯಲ್ಲಿ ಕನ್ನಡಿಗ ಸಂಘಗಳು ರಾತ್ರಿ ಶಾಲೆಗಳನ್ನು ನಡೆಸಿದ್ದರಿಂದ, ಹಗಲು ಲೋಟ ತೊಳೆದ ಎಷ್ಟೋ ಹುಡುಗರು ರಾತ್ರಿ ಅಕ್ಷರ ಕಲಿತು ಮುಂದೆ ಬಂದರು. ಆದರೆ ಶಾಲೆ ಸಿಕ್ಕದೆ ಹೋದವರೇ ಹೆಚ್ಚು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೇಲು, ಚಹಾದಂಗಡಿಗಳಲ್ಲಿ ದುಡಿಸುವುದನ್ನು ಸರಕಾರ ನಿಷೇಧಿಸಿತು. ಇದು ಬಹಳ ತಡವಾಗಿ ಬಂದ ನ್ಯಾಯ. ಆ ಮಕ್ಕಳು ಮುಂದೆ ಊರಿಗೆ ಕಳುಹಿಸಿದ ಹಣದಿಂದ ಎಷ್ಟು ದೇವಸ್ಥಾನಗಳ ಮಾಡಿಗೆ ತಾಮ್ರ ಹೊದೆಸಿದೆ, ಎಷ್ಟು ಧ್ವಜಸ್ತಂಭ ಎದ್ದಿದೆ ಎಂಬುದನ್ನು ಕರಾವಳಿಯ ದೇವಸ್ಥಾನಗಳ ದಾನಿಗಳ ಫಲಕಗಳೇ ಹೇಳುತ್ತವೆ.

ಬೆಂಚು ಕಲಿಸಿದ ಪಾಠ

ಈಗ ಕಾಲ ಬದಲಾಗಿದೆ. ಮದರಾಸಿನ ಡ್ರೈವ್-ಇನ್ 2008ರಲ್ಲಿ ಮುಚ್ಚಿತು, ಅಲ್ಲೀಗ ಉದ್ಯಾನವಿದೆ. ಬೆಂಗಳೂರಿನ ಎಂ. ಜಿ. ರಸ್ತೆಯ ಕಾಫಿ ಹೌಸು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. 1924ರಲ್ಲಿ ಆರಂಭವಾದ ಮಯ್ಯರ ಹೋಟೇಲು 2024ಕ್ಕೆ ನೂರು ತುಂಬಿಸಿತು. ಸಣ್ಣ ಊರುಗಳಲ್ಲಿ ಹೆದ್ದಾರಿ ಅಗಲವಾದಾಗ ಎಷ್ಟೋ ಹಳೆಯ ಮಾಡುಗಳು ಹೋದವು. ಉಳಿದ ಬೆಂಚುಗಳಲ್ಲಿ ಕುಳಿತವರ ಕಣ್ಣು ಮೊಬೈಲಿನಲ್ಲಿದೆ. ಎದುರು ಕುಳಿತವನ ಹತ್ತಿರ ಮಾತಿಲ್ಲ, ಕಾಣದ ಊರಿನವನ ಹತ್ತಿರ ಜಗಳ. ಮುಖ ನೋಡಿ ಜಗಳ ಮಾಡಿದವರು ಮರುದಿನ ರಾಜಿಯಾಗುತ್ತಿದ್ದರು; ಮುಖ ಕಾಣದ ಜಗಳಕ್ಕೆ ರಾಜಿ ಮಾಡಿಸುವವರು ಯಾರು?

ಆದರೂ ಹೋಟೇಲಿನ ಬೆಂಚು ನೂರು ವರ್ಷಗಳಲ್ಲಿ ಕಲಿಸಿದ ಪಾಠ ಒಂದಿದೆ. ದೇವಸ್ಥಾನದ ಅಡುಗೆಶಾಲೆ ಹೋಟೇಲಿಗೆ ಶುಚಿಯನ್ನು ಕೊಟ್ಟಿತು, ರುಚಿಯನ್ನು ಕೊಟ್ಟಿತು, ಅತಿಥಿಯನ್ನು ದೇವರೆಂದು ಕಾಣುವ ಬುದ್ಧಿಯನ್ನು ಕೊಟ್ಟಿತು. ಹೋಟೇಲು ಒಂದು ಹೊಸ ಅಭ್ಯಾಸವನ್ನು ಕಲಿಯಿತು. ಬಂದವನನ್ನು ಯಾರೆಂದು ಕೇಳದೆ ಕೂರಿಸಿ, ಎಲ್ಲರಿಗೂ ಒಂದೇ ತಪ್ಪಲೆಯಿಂದ ಬಡಿಸುವ ಅಭ್ಯಾಸ. ಅದನ್ನು ಕೆಲವು ಸಲ ಕಾಯಿದೆಗೆ ಹೆದರಿ ಕಲಿಯಿತು, ಕೆಲವು ಸಲ ವ್ಯಾಪಾರಕ್ಕಾಗಿ ಕಲಿಯಿತು. ಹೇಗೆ ಕಲಿತರೂ ಕಲಿತದ್ದು ಒಳ್ಳೆಯದೇ.

ಕೊಟ್ಟವರು ಒಂದನ್ನು ಹಿಂದಕ್ಕೆ ಪಡೆದರೆ ನಷ್ಟವಿಲ್ಲ. ಜಾತ್ರೆಯ ದಿವಸ ಅನ್ನಸಂತರ್ಪಣೆಯ ಚಪ್ಪರದಲ್ಲಿ ಸಾವಿರಾರು ಎಲೆಗಳು ಬೀಳುತ್ತವೆ. ಬೆಳಗ್ಗೆ ಪೇಟೆಯ ಬೆಂಚಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಚಹಾ ಕುಡಿದವರು ಮಧ್ಯಾಹ್ನ ದೇವರ ಪ್ರಸಾದಕ್ಕೆ ಕುಳಿತುಕೊಳ್ಳುವಾಗ ಬೇರೆ ಬೇರೆ ಪಂಕ್ತಿ ಹುಡುಕುವ ಪ್ರಸಂಗ ಎಲ್ಲಿಯೂ ಬರಬಾರದು. ಒಂದು ಲೋಟ ಚಹಾಕ್ಕಿದ್ದ ದೊಡ್ಡ ಮನಸ್ಸು, ಬೆಲೆ ಕಟ್ಟಲಾಗದ ಪ್ರಸಾದಕ್ಕೆ ಇಲ್ಲವೆಂದಾದರೆ ಅದು ಶ್ರೀ ದೇವರಿಗೆ ಒಪ್ಪಿಗೆಯಾಗಲಾರದು. ಸಮಸ್ತ ಭಕ್ತಾದಿಗಳು ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವಂತಾಗಲಿ, ಊಟದ ಮೇಲೆ ಹೊರಗಿನ ಬೆಂಚಿನಲ್ಲಿ ಒಂದಿಷ್ಟು ಹೊತ್ತು ಕುಳಿತು ಸುಖದುಃಖ ಮಾತನಾಡುವಂತಾಗಲಿ.